ಕೆಂಪು ಕೋಟಿನವ ಸಾಸ್ತೂರಿಗೆ ಬಂದದ್ದು

ನಮ್ಮ ಮನೆಯವರು ಹೈದರಾಬಾದಿಗೆ ಹೋದದ್ದು ಟಿವಿ ಸಾಮಾನು ತರಲಿಕ್ಕೆ. ಅವರದು ಉಮರ್ಗಾದಲ್ಲಿ ಟಿವಿ, ಟೇಪು ರಿಪೇರಿ ಅಂಗಡಿ. ಮನೆ ಸಾಸ್ತೂರಿನಲ್ಲಿ, ಅತ್ತಿಯ ಜೊತೆ. ಹೋಗುವಾಗ ನಾನು ಮಿಕ್ಸರಿಗೆ ಒಂದು ಜಾರ್ ತರಲು ಹೇಳಿದ್ದೆ. ಸಂಜೆ ಜೀಪಿನಿಂದ ಇಳಿದಾಗ ಕೈಯಲ್ಲಿ ಜಾರ್ ಇರಲಿಲ್ಲ. ಹಳೆ ಚಾದರಿನಲ್ಲಿ ಕೂಸಿನ ಹಾಂಗೆ ಸುತ್ತಿಕೊಂಡ ಒಂದು ಕರಿ ಡಬ್ಬಿ ಇತ್ತು.

"ಇದೇನ್ರಿ?"

"ವಿಡಿಯೋ ಗೇಮಿಂದು. ಅಂಗಡ್ಯಾಗ ಇಡ್ತೀನಿ. ಪೋರಗೋಳು ಬಂದು ಆಡ್ತಾವ."

"ಜಾರ್?"

"ಮೊದ್ಲ ನಾ ಕಲೀಬೇಕಲ್ಲ," ಎಂದರು, ನಾನು ಕೇಳದ ಪ್ರಶ್ನೆಗೆ.

ಆ ಕಲಿಕೆ ವರ್ಷ ದಾಟಿತು. ಡಬ್ಬಿ ಅಲ್ಲಿಯವರೆಗೂ ನಮ್ಮ ಮನೆಯ ಟಿವಿಯ ಕೆಳಗೇ ಇತ್ತು.

ಅದರ ಜೊತೆ ಬಂದದ್ದು ಒಂದೇ ಸಿ.ಡಿ. ಅದರಲ್ಲೊಬ್ಬ ನಾಯಕ. ಕೂದಲೆಲ್ಲ ಬೆಳ್ಳಗೆ, ಆದರೆ ಮುದುಕನಲ್ಲ. ಮೊಣಕಾಲು ದಾಟಿದ ಕೆಂಪು ಕೋಟು. ಬೆನ್ನಿಗೆ ಉದ್ದ ಕತ್ತಿ, ಎರಡು ಕೈಗೆ ಎರಡು ಪಿಸ್ತೂಲು. ಒಂದು ಹಾಳು ಕೋಟೆಯೊಳಗೆ ಹೋಗಿ ಅಲ್ಲಿರುವ ರಾಕ್ಷಸರನ್ನೆಲ್ಲ ಕೊಲ್ಲುವುದು ಅವನ ಕೆಲಸ. ಅತ್ತಿ ವರಾಂಡದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದವರು ಒಮ್ಮೆ ಇಣುಕಿ ನೋಡಿದರು.

"ಕತ್ತಿ ಅದಲ್ಲ, ಮತ್ತ ಪಿಸ್ತೂಲ್ ಯಾಕ ಬೇಕಂತ ಇವಂಗ?"

"ದೂರ ಇದ್ದವರಿಗಿ ಪಿಸ್ತೂಲ್, ಅವ್ವಾ. ಹತ್ರ ಬಂದವರಿಗಿ ಕತ್ತಿ."

"ದೊಡ್ಡ ಮನಿತನದಾಂವ ಕಾಣ್ತಾನ," ಎಂದು ಅತ್ತಿ ಮತ್ತೆ ಬೇಳೆಗೆ ಮರಳಿದರು.

ನಮ್ಮ ಮನೆಯವರು ಆಡುವುದನ್ನು ನೋಡುವುದೇ ಒಂದು ಸೊಗಸು. ಡಬ್ಬಿಯ ಜೊತೆ ಬಂದ, ಎರಡೂ ಕೈಯಲ್ಲಿ ಹಿಡಿಯುವ ರಿಮೋಟಿನ ಒಂದೇ ಗುಂಡಿಯನ್ನು ಒತ್ತುತ್ತಿದ್ದರು, ಬೀಗ ಹಾಕಿದ ಮನೆಯ ಬಾಗಿಲು ಬಡಿಯುವವರ ಹಾಂಗೆ. ರಾಕ್ಷಸರು ಸಾಯುತ್ತಿದ್ದರು, ಇಲ್ಲವೆಂದಲ್ಲ. ಆದರೆ ಆ ಆಟಕ್ಕೆ ಕೊಂದರಷ್ಟೇ ಸಾಲದು. ಪರದೆಯ ಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಮೂಡುತ್ತಿತ್ತು. ಚಂದಾಗಿ ಕಾದಾಡಿದಷ್ಟೂ ಅಕ್ಷರ ಮೇಲೇರುತ್ತಿತ್ತು: ಡಿ, ಸಿ, ಬಿ, ಎ. ಇವರದು ಡಿ ಬಿಟ್ಟು ಅಲುಗುತ್ತಿರಲಿಲ್ಲ.

"ಡಿ ಅಂದ್ರ ಏನ್ರಿ?"

"ಡೇಂಜರ್," ಎಂದರು.

ನಾನು ನಂಬಲಿಲ್ಲ. ನನ್ನ ತವರು ಔರಾದ ಶಹಾಜನಿಯ ಆಚೆ, ಬೀದರ ಜಿಲ್ಲೆಯಲ್ಲಿ. ಅಲ್ಲಿ ಮದುವೆಗಳಲ್ಲಿ ವೀರಭದ್ರನ ಪುರವಂತರು ಕತ್ತಿ ಹಿಡಿದು ಕುಣಿಯುತ್ತಿದ್ದರು. ನಡುನಡುವೆ ದಕ್ಷನನ್ನು ಹಂಗಿಸಿ ಒಡಪು ಹೇಳುತ್ತಿದ್ದರು. ಒಬ್ಬ ಪುರವಂತ ಅದೇ ಹೆಜ್ಜೆಯನ್ನೇ ಹಾಕಿದರೆ ಹೆಂಗಸರು ತಮ್ಮತಮ್ಮ ಮಾತಿಗೆ ತಿರುಗಿಬಿಡುತ್ತಿದ್ದರು. ಹೆಜ್ಜೆ ಬದಲಿಸಿ ಒಂದು ಸುತ್ತು ತಿರುಗಿದನೆಂದರೆ ಮಾತು ನಿಲ್ಲುತ್ತಿತ್ತು. ಈ ಡಬ್ಬಿಯೂ ಅಂಥದ್ದೇ ಎಂದು ನನಗೆ ಬೇಗ ತಿಳಿಯಿತು. ಒಂದೇ ಏಟನ್ನು ಮತ್ತೆ ಮತ್ತೆ ಹೊಡೆದರೆ ಅದಕ್ಕೂ ಬೇಸರ.

ಮಧ್ಯಾಹ್ನ ರೊಟ್ಟಿ ಕೆಲಸ ಮುಗಿದ ಮೇಲೆ ನಾನೂ ಕೂತೆ. ಕತ್ತಿಯಿಂದ ರಾಕ್ಷಸನನ್ನು ಮೇಲಕ್ಕೆ ಚಿಮ್ಮಿಸಬೇಕು. ಅವನು ಕೆಳಗೆ ಬೀಳುವ ಮುನ್ನ ಪಿಸ್ತೂಲಿನಿಂದ ಹೊಡೆಯುತ್ತ ಗಾಳಿಯಲ್ಲೇ ಹಿಡಿದಿಡಬೇಕು. ಒಮ್ಮೆ ಅದು ಕೈಗೆ ಬಂದ ಮೇಲೆ ಬಿಡಲು ಮನಸ್ಸಾಗುವುದಿಲ್ಲ. ಅತ್ತಿ ಹಿಂದಿನಿಂದ ನೋಡಿ, "ಜ್ವಾಳ ಕೇರಿದಂಗ ಕೇರ್ಲತ್ತಾಳ ಪಾಪ ಅವನಿಗಿ," ಎಂದರು. ಆ ಪಾಪ ರಾಕ್ಷಸನ ಪಾಲಿನದು.

ನಮ್ಮ ಊರಿನಲ್ಲಿ ಆಗ ಕರೆಂಟು ಇದ್ದಾಗ ಇತ್ತು, ಇಲ್ಲದಾಗ ಇಲ್ಲ. ಆಡಿದ್ದನ್ನು ಉಳಿಸಿಡಲು ಒಂದು ಸಣ್ಣ ಕಾರ್ಡು ಬೇಕು. ಅದನ್ನು ಬೇರೆ ಕೊಳ್ಳಬೇಕೆಂದು ಹೈದರಾಬಾದಿನ ಅಂಗಡಿಯವನು ಹೇಳಿರಲಿಲ್ಲ, ಇವರು ಕೇಳಿರಲೂ ಇಲ್ಲ. ನಿಲಂಗಾದಲ್ಲಿ ಹುಡುಕಿ ಬಂದರು, ಸಿಗಲಿಲ್ಲ. ಹಾಂಗಾಗಿ ಕರೆಂಟು ಹೋದಾಗೆಲ್ಲ ಕೆಂಪು ಕೋಟಿನವ ಮೊದಲಿನ ಬಾಗಿಲಿಗೇ ಬಂದು ನಿಲ್ಲುತ್ತಿದ್ದ. ಕೋಟೆಯ ಮೊದಲ ಕೋಣೆಗಳು ನನಗೆ ನಮ್ಮ ಅಡುಗೆಮನೆಗಿಂತ ಚೆನ್ನಾಗಿ ಗೊತ್ತಾದವು.

ಅಲ್ಲೊಂದು ಬೆಂಕಿ ಉಗುಳುವ ದೊಡ್ಡ ಜೇಡ ಇತ್ತು. ನಮ್ಮ ಮನೆಯವರು ದಿನಾ ಅಂಗಡಿಯಿಂದ ಬಂದು ಕೈಕಾಲು ತೊಳೆದು ಅದರ ಕೈಯಲ್ಲಿ ಸಾಯುತ್ತಿದ್ದರು. ಒಂದು ಸಂಜೆ ಚಹಾ ಕೊಡುತ್ತ ಹೇಳಿದೆ, "ಜೇಡ ಸತ್ತದ್ರಿ."

"ಯಾವ ಜೇಡ?"

"ನಿಮ್ದೇ."

ಅವರು ಚಹಾ ಪೂರ್ತಿ ಕುಡಿದು, ಬಸಿ ಕೆಳಗಿಟ್ಟು, "ಕರೆಂಟ್ ಇತ್ತೇನು?" ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಹ್ಯಾಂಗ ಹೊಡದಿ?" ಎಂದರು. ಅವತ್ತಿನಿಂದ ನಾನು ಆಡುವುದು, ಅವರು ಹಿಂದೆ ಕೂತು ಸಲಹೆ ಕೊಡುವುದು.

ಇಷ್ಟರೊಳಗೆ ಒಂದು ಪ್ರಸಂಗ ಆಯಿತು.

ನಮ್ಮದು ಭೂಕಂಪದಲ್ಲಿ ಊರು ಬಿದ್ದ ಮೇಲೆ ಕಟ್ಟಿಕೊಟ್ಟ ಮನೆ. ಓಣಿಯ ಮನೆಗಳೆಲ್ಲ ಒಂದೇ ಅಚ್ಚಿನವು. ನಾನು ಸೊಸೆಯಾಗಿ ಬಂದದ್ದು ಅದೆಲ್ಲ ಮುಗಿದ ಮೇಲೆ. ಹಳೆಯ ಕಲ್ಲಿನ ಮನೆಯನ್ನು ನಾನು ನೋಡಿಲ್ಲ. ಮಾವನವರನ್ನೂ ನೋಡಿಲ್ಲ. "ಅವರು ಹಳಿ ಮನ್ಯಾಗೇ ಉಳದ್ರು" ಎಂದಷ್ಟೇ ಅತ್ತಿ ಹೇಳುತ್ತಿದ್ದರು. ತಲೆಯ ಮೇಲಿನ ಹಲಗೆಯ ಫಳಿಯಲ್ಲಿ ಭಾರದ್ದು ಏನನ್ನೂ ಇಡಗೊಡುತ್ತಿರಲಿಲ್ಲ. ಮಳೆ ಇಲ್ಲದ ದಿನ ಅಂಗಳದಲ್ಲೇ ಮಲಗುತ್ತಿದ್ದರು.

ಆ ಡಬ್ಬಿಯ ರಿಮೋಟು, ರಾಕ್ಷಸ ಹೊಡೆದಾಗ ಕೈಯಲ್ಲಿ ನಡುಗುತ್ತಿತ್ತು. ನನಗೆ ರೂಢಿಯಾಗಿತ್ತು. ಅತ್ತಿಯವರಿಗೆ ಅದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಹಾಲು ಉಕ್ಕಿದ ವಾಸನೆ ಬಂದು ನಾನು ಒಲೆಯ ಕಡೆ ಓಡಿದೆ. ರಿಮೋಟನ್ನು ಟ್ರಂಕಿನ ಮೇಲಿದ್ದ ಸ್ಟೀಲಿನ ತಾಟಿನಲ್ಲಿ ಇಟ್ಟೆ. ಆಟ ಬಂದ್ ಮಾಡಲಿಲ್ಲ. ರಾಕ್ಷಸರು ಕೆಂಪು ಕೋಟಿನವನನ್ನು ಒಬ್ಬನೇ ಸಿಕ್ಕನೆಂದು ಮುತ್ತಿದರು. ರಿಮೋಟು ನಡುಗಿತು, ತಾಟು ನಡುಗಿತು, ತಾಟಿನ ಪಕ್ಕದ ಗ್ಲಾಸುಗಳು ಗಣಗಣ ಅಂದವು.

ವರಾಂಡದಲ್ಲಿದ್ದ ಅತ್ತಿ ಬೇಳೆಯ ಮೊರ ಬಿಟ್ಟು ಎದ್ದರು. "ಹೊರಗ ಬರ್ರಿ, ಎಲ್ಲಾರೂ ಹೊರಗ ಬರ್ರಿ," ಎನ್ನುತ್ತ ಒಳಗೆ ಬಂದು ನನ್ನ ರಟ್ಟೆ ಹಿಡಿದು ಬೀದಿಗೆ ಎಳೆದರು. ಸವಟು ನನ್ನ ಕೈಯಲ್ಲೇ ಇತ್ತು. ಅತ್ತಿಯ ದನಿ ಕೇಳಿ ಎದುರು ಮನೆಯವರು ಬಂದರು, ಅವರನ್ನು ನೋಡಿ ಆಚೆಯವರು. ಗಳಿಗೆಯಲ್ಲಿ ಓಣಿಯೆಲ್ಲ ಬೀದಿಯಲ್ಲಿ ನಿಂತಿತ್ತು. ಕೂಸುಗಳು ಕಂಕುಳಲ್ಲಿದ್ದವು. ಒಬ್ಬರು ಜಳಕದಿಂದ ಅರ್ಧಕ್ಕೆ ಎದ್ದು ಬಂದಿದ್ದರು.

"ಅತ್ತಿ, ಅದು ರಿಮೋಟ್‌ರಿ," ಎಂದೆ. "ಅದು ಹಾಂಗೇ ನಡಗ್ತದ."

ಅತ್ತಿ ನನ್ನನ್ನು ನೋಡಿದರು. ಎದುರು ಮನೆಯಾಕೆ ಮರಾಠಿಯವರು. ನಾನು ಏನಂದೆನೆಂದು ಅವರು ಕೇಳಿದಾಗ ಮರಾಠಿಯಲ್ಲೂ ಹೇಳಿದೆ. ಒಳಗೆ ಹೋಗಿ ರಿಮೋಟನ್ನೇ ತಂದು ತೋರಿಸಿದೆ. ಎಲ್ಲರೂ ಅದನ್ನು ನೋಡಿದರು. ಯಾರೂ ನಗಲಿಲ್ಲ. ಯಾರೂ ಮನೆಯೊಳಗೂ ಹೋಗಲಿಲ್ಲ. ಕಾರಣ ತಿಳಿದ ಮೇಲೂ ಮೊದಲು ಒಳಗೆ ಕಾಲಿಡುವವರು ಯಾರು ಎಂದು ಒಬ್ಬರನ್ನೊಬ್ಬರು ಕಾಯುತ್ತ ನಿಂತರು. ಕಡೆಗೆ ಎದುರು ಮನೆಯಾಕೆ ಹೊರಗಿನ ಒಲೆಯಲ್ಲೇ ಚಹಾಕ್ಕೆ ಇಟ್ಟರು. ಬಿಸಿಲಿನಲ್ಲಿ, ಬೀದಿಯಲ್ಲೇ ಕೂತು ಎಲ್ಲರೂ ಚಹಾ ಕುಡಿದೆವು. ಎರಡನೆಯ ಸಲ ಚಹಾ ಬಂದಾಗ, ಜಳಕದಿಂದ ಬಂದವರನ್ನು ನೋಡಿ ಯಾರೋ, "ಕಾಕಾ, ಸೋಪ್ ಹಾಂಗೇ ಅದರಿ," ಎಂದರು. ಆಗ ನಗು ಶುರುವಾಯಿತು. ಅತ್ತಿ ಮಾತ್ರ ನಗಲಿಲ್ಲ.

ಸಂಜೆ ನಮ್ಮ ಮನೆಯವರಿಗೆ ಸುದ್ದಿ ಜೀಪ್ ಸ್ಟ್ಯಾಂಡಿನಲ್ಲೇ ಸಿಕ್ಕಿತ್ತು. ಬಂದವರೇ ಆಟದ ಸೆಟ್ಟಿಂಗಿನೊಳಗೆ ಹೋಗಿ ರಿಮೋಟಿನ ನಡುಕವನ್ನು ಬಂದ್ ಮಾಡಿದರು. ಡಬ್ಬಿಯನ್ನು ನಾಳೆಯೇ ಅಂಗಡಿಗೆ ಒಯ್ಯುತ್ತೇನೆ ಎಂದರು. ಮರುದಿನ ಅವರು ಒಯ್ಯಲಿಲ್ಲ.

ನಾಲ್ಕಾರು ದಿನ ನಾನು ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅತ್ತಿಯೇ ಬಂದು ಪಕ್ಕ ಕೂತರು.

"ಈಗ ನಡಗಲ್ದೇನು ಅದು?"

"ಇಲ್ರಿ. ಬಂದ್ ಮಾಡ್ಯಾರ."

"ಬಂದ್ ಮಾಡ್ಲಿಕ್ಕಿ ಬರ್ತದ?"

"ಬರ್ತದ್ರಿ."

ಅವರು ಕೈ ಚಾಚಿದರು. "ಚಾಲೂ ಮಾಡು."

ನಾನು ನಡುಕ ಚಾಲೂ ಮಾಡಿ, ಕೆಂಪು ಕೋಟಿನವನನ್ನು ರಾಕ್ಷಸನ ಎದುರು ನಿಲ್ಲಿಸಿ, ರಿಮೋಟನ್ನು ಅವರ ಅಂಗೈಯಲ್ಲಿ ಇಟ್ಟೆ. ಅದು ನಡುಗಿತು. ಅತ್ತಿ ಹಲ್ಲು ಕಚ್ಚಿ ಹಿಡಿದುಕೊಂಡರು.

"ಬಂದ್ ಮಾಡೂದು ಎಲ್ಲಿ?"

ತೋರಿಸಿದೆ. ಅವರೇ ಹೆಬ್ಬೆರಳಿನಿಂದ ಒತ್ತಿದರು. ನಿಂತಿತು. ಮತ್ತೆ ಚಾಲೂ ಮಾಡಿದರು. ಮತ್ತೆ ನಿಲ್ಲಿಸಿದರು. ನಾನು ಪರದೆಯ ಕಡೆಗೇ ನೋಡುತ್ತಿದ್ದೆ, ಅವರ ಮುಖ ನೋಡುವ ಧೈರ್ಯ ಆಗಲಿಲ್ಲ. ಬಹಳ ಹೊತ್ತಿನ ಮೇಲೆ ರಿಮೋಟನ್ನು ನನ್ನ ಮಡಿಲಿಗೆ ಹಾಕಿ, "ಚಾಲೂ ಇರ್ಲಿ. ತಾಟಿನ್ಯಾಗ ಇಡಬ್ಯಾಡ," ಎಂದು ಎದ್ದುಹೋದರು.

ಕಡೆಗೊಮ್ಮೆ ಡಬ್ಬಿ ಉಮರ್ಗಾದ ಅಂಗಡಿ ಸೇರಿತು. ಅಲ್ಲಿ ಪೋರರಿಗೆ ಕ್ರಿಕೆಟ್ಟೂ ಕಾರ್ ಓಡಿಸುವುದೂ ಬೇಕಾದವು. ಕೆಂಪು ಕೋಟಿನವನ ಸಿ.ಡಿ. ಗೀರು ಬಿದ್ದು ನಿಂತುಹೋಯಿತು. ನಾನು ಮಗಳನ್ನು ಹೆತ್ತೆ, ಬೆಳೆಸಿದೆ, ಮತ್ತು ರಾಕ್ಷಸರನ್ನು ಮರೆತೆ.

ಮಗಳು ಉದಗೀರಿನಲ್ಲಿ ಕಾಲೇಜು ಓದುತ್ತಿದ್ದಾಗ ನಾವಿಬ್ಬರೂ ಒಂದು ರವಿವಾರ ಅವಳ ಕೋಣೆಗೆ ಹೋದೆವು. ಅವಳ ಗೆಳತಿ ಲ್ಯಾಪ್‌ಟಾಪಿನಲ್ಲಿ ಏನೋ ಹೊಸ ಆಟ ಆಡುತ್ತಿದ್ದಳು. ನಾಯಕ ಬೇರೆ, ಊರು ಬೇರೆ, ರಾಕ್ಷಸರೂ ಬೇರೆ ಜಾತಿಯವರು. ಆದರೆ ಕತ್ತಿಯಿಂದ ಒಬ್ಬನನ್ನು ಮೇಲಕ್ಕೆ ಚಿಮ್ಮಿಸಿದ ಕೂಡಲೇ ನನ್ನ ಹೆಬ್ಬೆರಳು ತಾನೇ ಅಲುಗಿತು. ಬದಿಯಲ್ಲಿ ಅಕ್ಷರ ಮೂಡಿತು.

"ಇಂವಾ ನಮ್ಮ ಕೆಂಪು ಕೋಟಿನವನ ಪೈಕಿ," ಎಂದೆ.

ಮಗಳು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. ಆ ಹಳೆ ಆಟ ಮಾಡಿದವರು ಮೊದಲು ಕೂತದ್ದು ಹೆದರಿಸುವ ಆಟವೊಂದರ ಮುಂದಿನ ಭಾಗ ಮಾಡಲಿಕ್ಕಂತೆ. ಈ ನಾಯಕ ಯಾವುದಕ್ಕೂ ಹೆದರದವನಾಗಿ ಬೆಳೆದುಬಿಟ್ಟ. ಅದಕ್ಕೆ ಅವನಿಗೆ ಬೇರೆಯದೇ ಆಟ ಕಟ್ಟಿಕೊಟ್ಟರು. ಆಮೇಲೆ ಬಂದ ಇಂಥ ಕತ್ತಿಯ ಆಟಗಳೆಲ್ಲ ಅವನನ್ನು ನೋಡಿಯೇ ಕಲಿತವು.

"ಹೊಂದಲಾರದ ಮಗನಿಗಿ ಬ್ಯಾರೆ ಮನಿ ಮಾಡಿಕೊಟ್ಟಂಗ," ಎಂದರು ನಮ್ಮ ಮನೆಯವರು. "ಈಗ ನೋಡು, ಅವನ ಮನಿತನಾನೇ ದೊಡ್ಡದಾಗ್ಯದ."

ಗೆಳತಿ ರಿಮೋಟನ್ನು ನನ್ನ ಕೈಗೆ ಕೊಟ್ಟಳು. ಬೆರಳು ಮೊದಲು ತೊದಲಿದವು, ಆಮೇಲೆ ದಾರಿ ಹಿಡಿದವು. ಹುಡುಗಿಯರು ಸುತ್ತ ನಿಂತರು. ಅಕ್ಷರ ಎ ದಾಟಿ, ಅದಕ್ಕೂ ಮೇಲಿನ ಎಸ್‌ಗೆ ಹೋಯಿತು.

"ಕಾಕು, ನಿಮಗ ಯಾರು ಕಲಿಸಿದ್ರಿ ಇದು?" ಎಂದು ಆ ಹುಡುಗಿ ಕೇಳಿದಳು.

ಹಿಂದಿನಿಂದ ನಮ್ಮ ಮನೆಯವರ ದನಿ ಬಂತು, "ನಾನೇ."

ಮಗಳು ನನ್ನನ್ನು ನೋಡಿದಳು. ಎದುರಿಗೆ ಇನ್ನೂ ಇಬ್ಬರು ರಾಕ್ಷಸರು ಉಳಿದಿದ್ದರು. ನಾನು ಆ ಇಬ್ಬರ ಕಡೆಗೆ ತಿರುಗಿದೆ.