ವರ್ಲಿನ್ ಟಾಲಿಯ ಏರಿಳಿಯುವ ಗುಡಾರ

ನಮ್ಮೂರು ಟ್ಯಾಮರಾಕ್ ಫ್ಲಾಟ್‌ನಲ್ಲಿ ಗಂಡಸರು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುವುದಿಲ್ಲ. ವೆಲ್ಡಿಂಗ್ ಮಾಡಲಿ, ಹಂದಿ ಕೊಯ್ಯಲಿ, ಹೆಂಡತಿಯ ಮೇಲೆ ಮುನಿಸಿಕೊಂಡು ಸುಮ್ಮನೆ ಕೂತಿರಲಿ, ಬಾಗಿಲು ಮೇಲಕ್ಕೆತ್ತಿಯೇ ಇರುತ್ತದೆ. ದಾರಿಯಲ್ಲಿ ಹೋಗುವವರು ಸ್ಟಿಯರಿಂಗ್ ಮೇಲಿಂದ ಎರಡು ಬೆರಳೆತ್ತಿ, ಒಳಗೇನು ನಡೆದಿದೆ ಎಂದು ನೋಡಿಕೊಂಡು ಮುಂದೆ ಹೋಗುತ್ತಾರೆ. ಹಾಗಿರುವಾಗ ಆಗಸ್ಟಿನ ಸೆಕೆಯಲ್ಲಿ ವರ್ಲಿನ್ ಟಾಲಿಯ ಗ್ಯಾರೇಜು ಮುಚ್ಚಿತು. ಕಿಟಕಿಗೆ ಕಂಬಳಿ ಬಿತ್ತು. ಒಳಗಿನಿಂದ ಕಬ್ಬಿಣ ಕೊಯ್ಯುವ ಸದ್ದು.

ಶವಪೆಟ್ಟಿಗೆ ಮಾಡುತ್ತಿದ್ದಾನೆ ಎಂದರು ಕೆಲವರು. ಹೆಂಡತಿಯನ್ನು ಬಿಟ್ಟು ಓಡಿಹೋಗುವ ತಯಾರಿ ಎಂದರು ಕೆಫೆಯಲ್ಲಿ ಹಣ್ಣಿನ ಪೈ ತಿನ್ನುತ್ತಿದ್ದವರು. ಆ ಹೆಂಡತಿ ಲವಾನ್ ಪಕ್ಕದ ಮೇಜಿನಲ್ಲೇ ಪೈ ತಿನ್ನುತ್ತಿದ್ದಳು.

"ಓಡಿಹೋಗೋದಾದ್ರೆ ಹೋಗು, ಮೊದಲು ಅಂಗಳದ ಹುಲ್ಲು ಕತ್ತರಿಸು ಅಂದಿದೀನಿ," ಎಂದಳು.

ವರ್ಲಿನ್ ಜೀವಮಾನವೆಲ್ಲ ಕೌಂಟಿಯ ರಸ್ತೆ ಸಮ ಮಾಡುವ ಯಂತ್ರ ಓಡಿಸಿದವನು. ಮಣ್ಣಿನ ಹೊರತು ಯಾವುದನ್ನೂ ನಂಬಿದವನಲ್ಲ. ಟೀವಿಯವನು ಮಳೆ ಬರುತ್ತದೆ ಎಂದರೆ, ಆ ಟೀವಿಯವನಿಗೇ ಒಬ್ಬನೇ ಮೀನು ಹಿಡಿಯಲು ಹೋಗುವ ಹುನ್ನಾರವಿದೆ ಎಂದು ತಿಳಿಯುತ್ತಿದ್ದ. ಪಾದ್ರಿ ತುಂಬು ಹೃದಯದಿಂದ ಕೈ ಕುಲುಕಿದರೆ, ಮನೆಗೆ ಬಂದು ಉಂಗುರ ಇದೆಯೇ ಎಂದು ನೋಡಿಕೊಳ್ಳುತ್ತಿದ್ದ.

ಈ ಅನುಮಾನದ ಕೋಟೆಯೊಳಗೆ ಒಂದು ನಿಧಿಯಿತ್ತು. ಬೆಟ್ಟದ ಹಿಂದಿನ ಒಂದು ಹುಲ್ಲುಗಾವಲು. ಅಕ್ಟೋಬರಿನಲ್ಲಿ ಎಲ್ಕ್ ಕಡವೆಗಳು ಅಲ್ಲಿಗೆ ಇಳಿಯುತ್ತವೆ ಎಂಬುದನ್ನು ಅವನ ಅಪ್ಪ ಅವನಿಗೆ ತೋರಿಸಿದ್ದ. ಅಪ್ಪ ಬಿಟ್ಟುಹೋದದ್ದು ಅದೊಂದೇ. ಲವಾನ್‌ಗೂ ವರ್ಲಿನ್ ಅದರ ದಾರಿ ಹೇಳಿರಲಿಲ್ಲ. ನಮ್ಮಲ್ಲಿ ಒಬ್ಬನ ಬೇಟೆಯ ಜಾಗ ಕೇಳುವುದು ಅವನ ಹೆಂಡತಿಯ ತೂಕ ಕೇಳಿದಂತೆ. ಮೈಮರೆತು ಯಾರಾದರೂ "ಎಲ್ಲಿ ಹೊಡೆದಿ?" ಎಂದರೆ "ಕುತ್ತಿಗೆಗೆ" ಎನ್ನಬೇಕು, ಅಷ್ಟೆ.

ಇಷ್ಟು ವರ್ಷ ವರ್ಲಿನ್ ಟ್ರಕ್ಕನ್ನು ದೂರದಲ್ಲೆಲ್ಲೋ ಬಿಟ್ಟು ನಡೆದು ಹೋಗಿ ನೆಲದ ಮೇಲೆ ಮಲಗುತ್ತಿದ್ದ. ಈಗ ಸೊಂಟಕ್ಕೆ ಲೋಹದ ಕೀಲು ಬಂದಿತ್ತು. ನೆಲದಲ್ಲಿ ಮಲಗಿದರೆ ಏಳಿಸಲು ಕ್ರೇನ್ ಬೇಕು. ಟ್ರಕ್ಕಿನ ಮೇಲೆ ಬಿಚ್ಚಿಕೊಳ್ಳುವ ಗುಡಾರಗಳು ಸಿಗುತ್ತವೆ, ನಿಜ. ಆದರೆ ಬೇಟೆಯ ಕಾಲದಲ್ಲಿ ತಲೆಯ ಮೇಲೆ ಗುಡಾರ ಹೊತ್ತು ಊರು ದಾಟುವುದೆಂದರೆ ಡಂಗುರ ಹೊಡೆಸಿಕೊಂಡು ಕಳ್ಳತನಕ್ಕೆ ಹೋದಂತೆ. ಊರೆಲ್ಲ ಹಿಂದೆ ಬರುತ್ತದೆ.

ಆದ್ದರಿಂದ ಮಹಾಯಂತ್ರದ ಸಂಕಲ್ಪವಾಯಿತು. ರಸ್ತೆಯಲ್ಲಿರುವಾಗ ಗುಡಾರ ಟ್ರಕ್ಕಿನ ಹಿಂಭಾಗದೊಳಗೆ ಮುಳುಗಿರಬೇಕು, ಮೇಲೆ ಟಾರ್ಪಾಲು, ಅದರ ಮೇಲೆ ಒಂದಿಷ್ಟು ಕಸ. ಹುಲ್ಲುಗಾವಲಿಗೆ ಹೋದ ಮೇಲೆ ಅದು ಎದ್ದು ಕ್ಯಾಬಿನ್ನಿಗಿಂತ ಎತ್ತರಕ್ಕೇರಿ ಬಿಚ್ಚಿಕೊಳ್ಳಬೇಕು. ನಾಲ್ಕು ಮೂಲೆಗೆ ಕೊಳವೆಯೊಳಗೆ ಕೊಳವೆ ಜಾರುವ ನಾಲ್ಕು ಕಾಲು, ಕಾಲಿಗೊಂದು ತಿರುಪಿನ ಜ್ಯಾಕು, ನಾಲ್ಕನ್ನೂ ಒಟ್ಟಿಗೆ ತಿರುಗಿಸಲು ಸೈಕಲ್ ಚೈನು. ತಿರುಪಿಗೆ ಡ್ರಿಲ್ ಮೆಷಿನ್ ಹಿಡಿದು ಗುಂಡಿ ಒತ್ತಿದರೆ ಅರಮನೆ ಮೇಲೇಳುತ್ತದೆ.

ನಾಲ್ಕು ಜ್ಯಾಕನ್ನು ಒಂದೇ ಅಂಗಡಿಯಲ್ಲಿ ಕೊಂಡರೆ ಅಂಗಡಿಯವನು ಯಾಕೆಂದು ಯೋಚಿಸುತ್ತಾನೆ. ವರ್ಲಿನ್ ನಾಲ್ಕು ಊರಿಗೆ ಹೋಗಿ ನಾಲ್ಕು ಕೊಂಡ. ಒಂದು ಕಡೆ ದೋಣಿಯ ಗಾಡಿಗೆ ಎಂದ, ಇನ್ನೊಂದು ಕಡೆ ಕುದುರೆಯ ಗಾಡಿಗೆ ಎಂದ. ಅವನಿಗೆ ದೋಣಿಯೂ ಇರಲಿಲ್ಲ, ಕುದುರೆಯೂ ಇರಲಿಲ್ಲ.

ಎದುರು ಮನೆಯ ಡೆಲ್ಬರ್ಟ್ ನೀಸ್‌ಗೆ ಮಾತ್ರ ತಡೆಯಲಾಗಲಿಲ್ಲ. ನಮ್ಮಲ್ಲಿ ಏನು ಮಾಡುತ್ತಿದ್ದೀ ಎಂದು ನೇರವಾಗಿ ಕೇಳುವಂತಿಲ್ಲ. ಏನಾದರೂ ಎರವಲು ಕೇಳಿಕೊಂಡು ಹೋಗಿ ಇಣುಕಬೇಕು.

"ವರ್ಲಿನ್, ಒಂದು ಅರ್ಧ ಇಂಚಿನ ಸ್ಪ್ಯಾನರ್ ಕೊಡಯ್ಯ."

"ನಿನ್ನೆ ತಾನೆ ಕೊಟ್ಟಿದ್ನಲ್ಲ."

"ಕಳೆದೋಯ್ತು ಮಾರಾಯ."

"ನಿನ್ನ ಜೇಬಿಂದ ಇಣುಕ್ತಾ ಇರೋದೇನು?"

ಡೆಲ್ಬರ್ಟ್ ಜೇಬನ್ನು ಆಶ್ಚರ್ಯದಿಂದ ನೋಡಿಕೊಂಡ. "ಓ, ಇಲ್ಲೇ ಇದೆ. ಹಂಗಾದ್ರೆ ಒಂದು ಕಾಫಿ ಕೊಡು. ಒಳಗೇ ಬಂದು ಕುಡೀತೀನಿ."

"ಆಚೆಗೇ ತಂದ್ಕೊಡ್ತೀನಿ. ಅಲ್ಲೇ ನಿಂತ್ಕೋ. ಇನ್ನೂ ಸ್ವಲ್ಪ ಹಿಂದೆ."

ಯಂತ್ರವನ್ನು ಮೊದಲ ಸಲ ಏರಿಸಿದಾಗ ಎಡಗಡೆಯ ಹಿಂದಿನ ಮೂಲೆ ಮಿಕ್ಕ ಮೂರನ್ನು ಬಿಟ್ಟು ಮುಂದೆ ಓಡಿತು. ಚೌಕಟ್ಟು ಸೊಟ್ಟಗಾಗಿ ಕಿರುಗುಟ್ಟಿತು. ಇದು ಡೆಲ್ಬರ್ಟ್‌ನದೇ ಕೈವಾಡ ಎಂದು ತೀರ್ಮಾನಿಸಿ ವರ್ಲಿನ್ ಬಾಗಿಲಿಗೆ ಇನ್ನೊಂದು ಬೀಗ ತಂದ.

"ನಾಲ್ಕು ಊರಿನ ಜ್ಯಾಕು, ಒಂದೊಂದರ ತಿರುಪು ಒಂದೊಂದು ತರ," ಎಂದಳು ಲವಾನ್. "ಎಲ್ಲಾ ಸಮ ಏರು ಅಂದ್ರೆ ಏರ್ತಾವಾ?"

ವರ್ಲಿನ್ ಅವಳನ್ನು ದಿಟ್ಟಿಸಿದ. "ನಾಲ್ಕು ಊರು ಅಂತ ನಿಂಗ್ಯಾರು ಹೇಳಿದ್ದು?"

ಆದರೂ ಮಾತು ಕಿವಿಗೆ ಹೋಗಿತ್ತು. ಸ್ವಲ್ಪ ಏರಿಸುವುದು, ನಿಲ್ಲಿಸುವುದು, ಆ ಮೂಲೆಯ ಚೈನು ತಪ್ಪಿಸಿ ಕೈಯಿಂದ ಸರಿಮಾಡುವುದು, ಹೀಗೆ ತಾಳ್ಮೆಯಿಂದ ಮಾಡಿದರೆ ಗುಡಾರ ನೆಟ್ಟಗೆ ಏರುತ್ತಿತ್ತು. ಹೊಸ ಜ್ಯಾಕು ತರಬಹುದಿತ್ತು. ಆದರೆ ಅದೇ ಅಂಗಡಿಗೆ ಮತ್ತೆ ಹೋದರೆ?

ಬೇಟೆ ಶುರುವಾಗುವ ಹಿಂದಿನ ದಿನ ವರ್ಲಿನ್ ಕಸ ಹಾಕುವವನಂತೆ ಕಸದ ಗುಂಡಿಯ ಕಡೆ ಹೊರಟು, ಸುತ್ತು ಬಳಸಿ, ಸಂಜೆಗೆ ಹುಲ್ಲುಗಾವಲು ಸೇರಿದ. ಬೆಳಕು ಇಳಿಯುತ್ತಿತ್ತು. ಹಿಂದಿನ ಪೊದೆಯಲ್ಲಿ ಏನೋ ಸರಸರ ಎಂದಿತು. ಯಾರೋ ನೋಡುತ್ತಿದ್ದಾರೆ ಎಂಬ ಗಾಬರಿಯಲ್ಲಿ ಡ್ರಿಲ್ಲಿನ ಗುಂಡಿಯನ್ನು ಒತ್ತಿದವನು ಬಿಡಲೇ ಇಲ್ಲ. ಗುಡಾರ ಸೊಟ್ಟಗೆ ಮೇಲೇರಿ, ತುತ್ತತುದಿಯಲ್ಲಿ ಕಚ್ಚಿಕೊಂಡಿತು. ಪೊದೆಯಿಂದ ಒಂದು ಮುಳ್ಳುಹಂದಿ ಹೊರಬಂದು ತನ್ನ ಪಾಡಿಗೆ ಹೋಯಿತು.

ತಲೆ ಕೆಳಗೆ, ಕಾಲು ಮೇಲೆ ಮಾಡಿ ಮಲಗಿದ್ದರೂ ಬೆಳಗ್ಗೆ ಅದೃಷ್ಟ ಕೈಬಿಡಲಿಲ್ಲ. ಒಳ್ಳೆಯ ಎಲ್ಕ್ ಬಿತ್ತು. ಕೊಯ್ದು ಚೀಲಕ್ಕೆ ತುಂಬಿದ. ಇನ್ನು ಇಳಿಯಬೇಕು. ಯಂತ್ರ ಇಳಿಯಲೊಲ್ಲದು. ಎತ್ತಿದ ಗುಡಾರ ಪೈನ್ ಕೊಂಬೆಗಳ ಕೆಳಗೆ ನುಸುಳದು. ಬಿಸಿಲು ಏರುತ್ತಿತ್ತು. ಚಳಿಗಾಲಕ್ಕೆಲ್ಲ ಆಗುವ ಮಾಂಸ ನೊಣಕ್ಕೆ ಹೋಗಬೇಕು, ಇಲ್ಲವೇ ಅಪ್ಪನ ಹುಲ್ಲುಗಾವಲು ಇನ್ನೊಬ್ಬನ ಕಣ್ಣಿಗೆ ಬೀಳಬೇಕು. ವರ್ಲಿನ್ ಫೋನಿಗೆ ಸಿಗ್ನಲ್ ಸಿಗುವ ದಿಬ್ಬದವರೆಗೆ ಕುಂಟಿಕೊಂಡು ಹೋದ.

"ಡೆಲ್ಬರ್ಟ್‌ನ ಕರ್ಕೊಂಡು ಬಾ. ದೊಡ್ಡ ಜ್ಯಾಕು, ಕಬ್ಬಿಣ ಕೊಯ್ಯೋ ಬ್ಯಾಟರಿ ಗ್ರೈಂಡರ್ ಎಲ್ಲಾ ಅವನ ಹತ್ರಾನೇ ಇರೋದು," ಎಂದ ಹೆಂಡತಿಗೆ.

"ಯಾಕೆ ಪಿಸುಗುಡ್ತಿದೀಯ? ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ ಅಂತ ಹೆಂಗೆ ಹೇಳೋದು? ಕೇಳು. ಅವನ ಕಣ್ಣು ಕಟ್ಟಿ ಕರ್ಕೊಂಡು ಬರ್ಬೇಕು."

ಎಷ್ಟೋ ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ದಾರಿ ಹೇಳಿದ. ಆದರೆ ಫೋನನ್ನು ಯಾರಾದರೂ ಕದ್ದು ಕೇಳುತ್ತಿದ್ದರೆ ಎಂದು ಕೊನೆಯ ಕವಲೊಂದನ್ನು ನುಂಗಿಕೊಂಡ.

ಡೆಲ್ಬರ್ಟ್ ತಕರಾರಿಲ್ಲದೆ ಉಣ್ಣೆಯ ಟೋಪಿಯನ್ನು ಗದ್ದದವರೆಗೆ ಎಳೆದುಕೊಂಡು ಲವಾನ್‌ಳ ಕಾರು ಹತ್ತಿದ. "ಕೈಯನ್ನೂ ಕಟ್ತೀಯಾ?" ಎಂದು ಕೇಳಿದ.

"ಕೈ ಇರ್ಲಿ. ಡೋನಟ್ ತಿನ್ನೋಕೆ ಬೇಕಲ್ಲ."

ಕವಲು ಬಂತು. ಲವಾನ್ ಕಾರು ನಿಲ್ಲಿಸಿ ಅತ್ತ ಇತ್ತ ನೋಡಿದಳು. ಟೋಪಿಯೊಳಗಿಂದ, ಡೋನಟ್ ಅಗಿಯುತ್ತಲೇ, ದನಿ ಬಂತು.

"ಎಡಕ್ಕೆ. ಬಲಗಡೆ ಮೋರಿ ಕೊಚ್ಕೊಂಡು ಹೋಗಿದೆ."

ಲವಾನ್ ಎಡಕ್ಕೆ ತಿರುಗಿಸಿದಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಯಾವಾಗಿಂದ ಗೊತ್ತು?"

"ಅವರಪ್ಪನ ಕಾಲದಿಂದ. ಮುಂದೆ ಬಂಡೆ ಇದೆ, ನಿಧಾನ."

"ಒಂದ್ಸಲಾನೂ ಬೇಟೆಗೆ ಬರ್ಲಿಲ್ವಾ?"

"ಅವನ ಜಾಗ ಅಲ್ವಾ," ಎಂದಿತು ಟೋಪಿ.

"ಮತ್ತೆ ಗ್ಯಾರೇಜ್ ಹತ್ರ ಸುಳಿದಾಡಿದ್ದು?"

"ಆ ಯಂತ್ರ ನೋಡೋಕೆ. ನನಗೂ ಒಂದು ಜಾಗ ಇದೆ ಲವಾನ್. ಗುಡಾರ ಕಟ್ಕೊಂಡು ಹೊರಟ್ರೆ ನಿನ್ನ ಗಂಡ ಹಿಂದೆ ಬರ್ತಾನೆ ಅಂತ ಭಯ."

ವರ್ಲಿನ್ ಟ್ರಕ್ಕಿನ ಸುತ್ತ ಟಾರ್ಪಾಲು ಕಟ್ಟಿ ಕಾದಿದ್ದ, ಹುಲ್ಲುಗಾವಲು ಕಾಣದಂತೆ. ಡೆಲ್ಬರ್ಟ್ ಕೈ ಮುಂದೆ ಚಾಚಿಕೊಂಡು ತಡವರಿಸುತ್ತ ಬಂದ. ಒಂದು ಪೈನ್ ಮರಕ್ಕೆ ಬೇಕೆಂದೇ ಢಿಕ್ಕಿ ಹೊಡೆದು, ಅದರ ಕ್ಷಮೆ ಕೇಳಿದ. ಪರದೆಯೊಳಗೆ ಬಂದ ಮೇಲೆಯೇ ವರ್ಲಿನ್ ಟೋಪಿ ಎತ್ತಿದ್ದು.

"ಇದೇನು ಹೆರಿಗೆ ಮನೆಯಾ?" ಎಂದ ಡೆಲ್ಬರ್ಟ್. ಆಮೇಲೆ ಬಗ್ಗಿ ಮೂಲೆಗಳನ್ನು ನೋಡಿದ. "ನಾಲ್ಕೂ ನಾಲ್ಕು ಜಾತಿ. ಒಂದೇ ಊರಲ್ಲಿ ಕೊಂಡಿದ್ರೆ ಏನಾಗ್ತಿತ್ತು?"

"ಕೆಲಸ ನೋಡು."

ಡೆಲ್ಬರ್ಟ್ ತನ್ನ ಜ್ಯಾಕಿನಿಂದ ಚೌಕಟ್ಟಿಗೆ ಆಸರೆ ಕೊಟ್ಟು, ಕಚ್ಚಿಕೊಂಡಿದ್ದ ಕಾಲಿನ ಬೋಲ್ಟು ಕೊಯ್ದ. ಗುಡಾರ ನಿಟ್ಟುಸಿರು ಬಿಟ್ಟು ಇಳಿಯಿತು. ಇಳಿಯುತ್ತಿದ್ದಷ್ಟು ಹೊತ್ತೂ ಅವನು ಗೇಣು ಹಾಕಿ ಕೊಳವೆಗಳ ಅಳತೆ ತೆಗೆದುಕೊಳ್ಳುತ್ತಿದ್ದ. ಹೊರಡುವಾಗ ವರ್ಲಿನ್ ಅವನಿಗೆ ಎಲ್ಕಿನ ಬೆನ್ನಿನ ಮೆತ್ತನೆ ಮಾಂಸ ಕೊಟ್ಟು, ತಾನೇ ಕೈಯಾರೆ ಟೋಪಿ ಕೆಳಗೆಳೆದ.

ಸಂಜೆ ಊಟಕ್ಕೆ ಕೂತಾಗ ವರ್ಲಿನ್ ಕೇಳಿದ: "ದಾರೀಲಿ ಟೋಪಿ ಎತ್ತಿದ್ನಾ?"

"ಒಂದ್ಸಲಾನೂ ಎತ್ತಲಿಲ್ಲ."

ಹುಲ್ಲುಗಾವಲು ಉಳಿಯಿತು. ವರ್ಲಿನ್ ನೆಮ್ಮದಿಯಿಂದ ಎರಡು ತುತ್ತು ತಿಂದ. ಮೂರನೆಯದು ಬಾಯಿಗೆ ಹೋಗಲಿಲ್ಲ.

"ಆ ಕವಲಲ್ಲಿ ಎಡಕ್ಕೆ ಅಂತ ನಾನು ಹೇಳೇ ಇರ್ಲಿಲ್ವಲ್ಲ. ನಿಂಗೆ ಹೆಂಗೆ ಗೊತ್ತಾಯ್ತು?"

ಲವಾನ್ ಅವನ ತಟ್ಟೆಗೆ ಇನ್ನಷ್ಟು ಆಲೂಗಡ್ಡೆ ಬಡಿಸಿದಳು. ಟೋಪಿಯೊಳಗಿನವನನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ. "ಒಂದ್ಸಲ ನಿನ್ನ ಹಿಂದೇನೇ ಬಂದಿದ್ದೆ," ಎಂದಳು.

ಅಂದಿನಿಂದ ವರ್ಲಿನ್‌ಗೆ ಡೆಲ್ಬರ್ಟ್‌ನ ಚಿಂತೆಯಿಲ್ಲ. ಲವಾನ್ ಅಂಗಡಿಗೆ ಹೊರಟರೆ ಕಿಟಕಿಯ ಹತ್ತಿರ ನಿಲ್ಲುತ್ತಾನೆ. ಹಿಂದಿರುಗಿದರೆ ಅವಳ ಬೂಟಿನ ಮಣ್ಣು ನೋಡುತ್ತಾನೆ. ಅವಳಿಗೇನೂ ಬೇಸರವಿಲ್ಲ.

"ಮದುವೆಯಾದಾಗಿಂದ ನನ್ನನ್ನ ಇಷ್ಟು ಗಮನ ಕೊಟ್ಟು ನೋಡಿರ್ಲಿಲ್ಲ," ಎನ್ನುತ್ತಾಳೆ ಕೆಫೆಯಲ್ಲಿ, ಪೈ ತಿನ್ನುತ್ತ.