ಕಾಲುವೆಗೆ ಒಗೆದ ಡಬ್ಬಿ

ಕೊಪ್ಪಳ ಜಿಲ್ಲೆಯಾದ ವರ್ಷ ನಮ್ಮ ಅಪ್ಪನಿಗೆ ಕೂತು ಉಣ್ಣಲು ಪುರಸೊತ್ತು ಇರಲಿಲ್ಲ. ಅವನದು ಮೈಕ್ ಸೆಟ್ಟಿನ ಅಂಗಡಿ. ಒಂದಾದ ಮೇಲೊಂದು ಆಫೀಸು ಉದ್ಘಾಟನೆಯಾಗುತ್ತಿತ್ತು, ಪ್ರತಿ ಉದ್ಘಾಟನೆಗೂ ಭಾಷಣ, ಪ್ರತಿ ಭಾಷಣಕ್ಕೂ ಮೈಕು. ಅಂಥದೊಂದು ಕಾರ್ಯಕ್ರಮಕ್ಕೆ ಹೊರಗಿನಿಂದ ಬಂದಿದ್ದ ವಾದ್ಯಗೋಷ್ಠಿಯವರು ಕುತ್ತಿಗೆ ಮುರಿದ ಎಲೆಕ್ಟ್ರಿಕ್ ಗಿಟಾರೊಂದನ್ನು ನಮ್ಮ ಟೆಂಪೊದಲ್ಲೇ ಬಿಟ್ಟು ಹೋದರು. ಅಪ್ಪ ಹೇಳಿ ಕಳಿಸಿದರೂ ಒಯ್ಯಲು ಬರಲಿಲ್ಲ. ನಮ್ಮ ಓಣಿಯ ಬಡಿಗ ಅದರ ಕುತ್ತಿಗೆ ಅಂಟಿಸಿ ಕೊಟ್ಟ. ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅದನ್ನು ಎತ್ತಿಕೊಂಡೆ. ಕಲಿಸುವವರು ಯಾರೂ ಇರಲಿಲ್ಲ. ರೇಡಿಯೊ ಹಚ್ಚಿ, ಹಾಡಿನ ಬೆನ್ನು ಹತ್ತಿ, ತಂತಿಯ ಮೇಲೆ ತಡಕಾಡುತ್ತ ಕಲಿತೆ.

ಅಂಗಡಿಯ ಮೂಲೆಯಲ್ಲಿ ಯಾರೂ ಬಾಡಿಗೆಗೆ ಒಯ್ಯದ ಹಳೆಯ ಸ್ಪೀಕರ್ ಒಂದಿತ್ತು. ಅದರ ಕಾಗದವನ್ನು ಇಲಿ ಕಡಿದಿತ್ತು. ಗಿಟಾರನ್ನು ಅದಕ್ಕೆ ಹಚ್ಚಿ ನುಡಿಸಿದರೆ ಸ್ವರ ಸೀಳಿಕೊಂಡು ಬರುತ್ತಿತ್ತು, ಗಂಟಲು ಕಟ್ಟಿದ ಹೆಂಗಸೊಬ್ಬಳು ಅದೇ ಗಂಟಲಲ್ಲಿ ಜಗಳಕ್ಕೆ ನಿಂತ ಹಾಗೆ. ನನಗೆ ಆ ಸದ್ದು ಎಷ್ಟು ಹಿಡಿಸಿತೆಂದರೆ ಬೇರೆ ಸ್ಪೀಕರ್ ಮುಟ್ಟುತ್ತಲೇ ಇರಲಿಲ್ಲ. ಒಂದು ದಿನ ಅಪ್ಪ ಅದಕ್ಕೆ ಹೊಸ ಕಾಗದ ಹಾಕಿಸಿ ತಂದ. ಸ್ವರ ತೊಳೆದ ತಟ್ಟೆಯ ಹಾಗೆ ಚೊಕ್ಕ ಬಂತು. ನಾನು ಅತ್ತೆ.

“ಹರದ ಸ್ಪೀಕರ್ ಸಲುವಾಗಿ ಅಳೂ ಹುಡುಗೀನ್ನ ನಾ ಎಲ್ಲೂ ಕಂಡಿಲ್ಲ ಯವ್ವಾ” ಎಂದ ಅಪ್ಪ. ಹಾಗೆ ಅಂದವನೇ ನನಗಾಗಿ ಆ ಹರಿದ ಸದ್ದನ್ನು ಮರಳಿ ಮಾಡಲು ಕೂತ. ಒಂದು ಸತ್ತ ರೇಡಿಯೊದಿಂದ ಹಳೇ ಕಾಲದ ಟ್ರಾನ್ಸಿಸ್ಟರು ಕಿತ್ತ. ನಾವು ಜರ್ಮನ್ ಎನ್ನುವ ಅಲ್ಯುಮಿನಿಯಂನ ಬುತ್ತಿ ಡಬ್ಬಿಗೆ ತೂತು ಕೊರೆದ. ಕಾಲಿನಿಂದ ಒತ್ತುವ ಸ್ವಿಚ್ಚು ಎಲ್ಲೂ ಸಿಗಲಿಲ್ಲ. ಮುನಿರಾಬಾದಿನ ಗುಜರಿಯಲ್ಲಿ ಬಿದ್ದಿದ್ದ ಹಳೇ ಜೀಪಿನಿಂದ, ಹೆಡ್‌ಲೈಟ್ ತಗ್ಗಿಸಲು ಡ್ರೈವರು ಕಾಲಲ್ಲಿ ಒತ್ತುವ ಸ್ವಿಚ್ಚನ್ನು ಬಿಚ್ಚಿ ತಂದು ಕೂಡಿಸಿದ. ಒತ್ತಿದರೆ ಟಕ್ ಎಂದು ಪಕ್ಕದ ಮನೆಗೂ ಕೇಳುತ್ತಿತ್ತು.

ಆ ಡಬ್ಬಿಗೆ ಅದರದೇ ಸ್ವಭಾವ. ಬೇಸಿಗೆಯಲ್ಲಿ ಮುನಿಸಿಕೊಂಡು ಮಂಕಾಗುತ್ತಿತ್ತು, ಒದ್ದೆ ಬಟ್ಟೆ ಸುತ್ತಿ ತಣಿಸಬೇಕು. ಹೊಸ ಬ್ಯಾಟರಿ ಹಾಕಿದರೆ ಕರ್ಕಶ, ಬ್ಯಾಟರಿ ಸಾಯಲು ಬಂದಾಗ ಜೇನು. ಉದ್ದಕ್ಕೆ ಹಿಡಿದ ಸ್ವರ ಕೊನೆಗೆ ಬಿಕ್ಕಿ, ತೆಳ್ಳಗೆ ಮೇಲಕ್ಕೆ ಹಾರಿ ನಿಲ್ಲುತ್ತಿತ್ತು. ಕೆಲವು ಜಾಗದಲ್ಲಿ ನುಡಿಸದೆ ಬಿಟ್ಟರೆ ಒಳಗಿನಿಂದ ರೇಡಿಯೊ ಮಾತಾಡುತ್ತಿತ್ತು. ಹೊಸಪೇಟೆಯಿಂದ ಬಂದ ಗಿಟಾರಿನವರು ತಮ್ಮ ಫಾರಿನ್ ಪೆಡಲುಗಳ ಪಕ್ಕ ನನ್ನ ಬುತ್ತಿ ಡಬ್ಬಿ ನೋಡಿ ನಗುತ್ತಿದ್ದರು, ಆಮೇಲೆ ‘ಜರಾ ಕೊಡ್ರಿ, ನೋಡೂಣು’ ಎಂದು ಕೇಳಿ, ಬಿಡಲಾರದೆ ಬಿಡುತ್ತಿದ್ದರು. ಎಲ್ಲ ಸರಿಯಿರುವ ಪೆಟ್ಟಿಗೆಯನ್ನು ಯಾರೂ ಪ್ರೀತಿಸುವುದಿಲ್ಲ, ಬಳಸುತ್ತಾರೆ ಅಷ್ಟೆ. ಇದರ ಜೊತೆ ನಾನು ಏಗುತ್ತಿದ್ದೆ, ಮಾತಾಡುತ್ತಿದ್ದೆ, ಸಿಟ್ಟಾಗುತ್ತಿದ್ದೆ. ಮಲಗುವಾಗ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆ.

ಗಂಗಾವತಿಯಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ಅದರ ಮಾಲೀಕನೇ ಮುಖ್ಯ ಹಾಡುಗಾರ. ಯಾವ ಶಾಲೆಯಲ್ಲೂ ಕಲಿಸಿದವನಲ್ಲ, ಆದರೂ ಎಲ್ಲರೂ ಮಾಸ್ತರ ಅನ್ನುತ್ತಿದ್ದರು. ಬಿಳಿ ಬೂಟು, ಬೆರಳಿಗೆಲ್ಲ ಉಂಗುರ. ಮೈಕ್ ಸೆಟ್ ಗೊತ್ತುಮಾಡಲು ಅಂಗಡಿಗೆ ಬಂದವನು ನಾನು ನುಡಿಸುವುದನ್ನು ನೋಡಿ ಅಪ್ಪನಿಗೆ ಹೇಳಿದ: “ಹೆಣ್ಣುಹುಡುಗಿ ಗಿಟಾರ್ ಹಿಡದು ನಿಂತಿದ್ದು ಈ ಕಡೆ ಯಾವ ಪಾರ್ಟಿಯಾಗೂ ಇಲ್ಲ. ನಿಮ್ಮ ಮಗಳನ್ನ ಕಳಸ್ರಿ. ನಿಮ್ಮ ಸೆಟ್ಟs ಬರ್ಲಿ, ನೀವೂ ಕೂಡs ಇರ್ರಿ.” ಅಪ್ಪ ಒಪ್ಪಿದ. ನಾನು ಕುಣಿದಾಡಿದೆ.

ಮೊದಲ ಕಾರ್ಯಕ್ರಮದಲ್ಲಿ ಗಿಟಾರಿನ ವಯರನ್ನು ಎಲ್ಲಿಗೆ ಸಿಗಿಸಲಿ ಎಂದು ಹುಡುಕುತ್ತಿದ್ದಾಗ ಮಾಸ್ತರ ಅದರ ತುದಿಯನ್ನು ಜಮಖಾನದ ಕೆಳಗೆ ತೂರಿಸಿದ.

“ನಿಂದು ಹಚ್ಚೂದು ಬ್ಯಾಡ ತಂಗಿ. ಗಿಟಾರಿನ ಸದ್ದು ಕೀಬೋರ್ಡಿನಾಗ ಬರತೈತಿ. ನೀ ಕೈ ಆಡಿಸ್ಕೋತ, ನಕ್ಕೋತ ನಿಂದ್ರು.”

ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆ ನಿಂತೆ. ಕೊಪ್ಪಳ, ಕುಷ್ಟಗಿ, ಗಂಗಾವತಿ, ಎಲ್ಲ ಕಡೆಯ ಪೋಸ್ಟರಿನಲ್ಲಿ ನನ್ನ ಫೋಟೊ, ಒಂದು ಕಡೆಯೂ ನನ್ನ ಸ್ವರವಿಲ್ಲ. ಡಬ್ಬಿಯನ್ನು ಮಾತ್ರ ಪ್ರತಿ ಸಲ ಒಯ್ದು ಕಾಲ ಬಳಿ ಇಟ್ಟುಕೊಳ್ಳುತ್ತಿದ್ದೆ.

ಯಲಬುರ್ಗಾದಲ್ಲಿ ಒಂದು ಸಂಜೆ ಕರೆಂಟು ಏರಿಳಿದು ಕೀಬೋರ್ಡು ಹಾಡಿನ ನಡುವೆ ಸತ್ತಿತು. ಮಾಸ್ತರ ಬಾಯಿ ತೆರೆದು ನಿಂತ. ಮಿಕ್ಸರಿನ ಬಳಿಯಿದ್ದ ಅಪ್ಪ ಒಂದು ವಯರನ್ನು ವೇದಿಕೆಗೆ ಎಸೆದ. ನಾನು ಸಿಗಿಸಿಕೊಂಡು ಕಾಲಿನಿಂದ ಟಕ್ ಎನಿಸಿದೆ. ಮೈದಾನದ ಮಂದಿ ಮೊದಲು ಬೆಚ್ಚಿದರು, ಆಮೇಲೆ ಎದ್ದು ನಿಂತರು. ಕೀಬೋರ್ಡು ರಿಪೇರಿಯಾದ ಮೇಲೂ ‘ಆ ಡಬ್ಬಿ ಬಾರಸ್ರಿ’ ಎಂಬ ಕೂಗು ನಿಲ್ಲಲಿಲ್ಲ. ಅಂದಿನಿಂದ ಪ್ರತಿ ಕಾರ್ಯಕ್ರಮದಲ್ಲಿ ಒಂದು ಹಾಡಿಗೆ ನನ್ನ ವಯರು ಜಮಖಾನದ ಕೆಳಗಿನಿಂದ ಹೊರಗೆ ಬರತೊಡಗಿತು. ಮಾಸ್ತರನಿಗೆ ಬೇರೆ ದಾರಿ ಇರಲಿಲ್ಲ. ಕಾರ್ಯಕ್ರಮ ಇಡಿಸುವ ಕಮಿಟಿಯವರೇ ಕೇಳುತ್ತಿದ್ದರು.

ಶ್ರೀರಾಮನಗರದ ಕಾರ್ಯಕ್ರಮದಲ್ಲಿ ಆದದ್ದು ನನ್ನ ತಪ್ಪಲ್ಲ ಎಂದು ಇಂದಿಗೂ ಹೇಳುತ್ತೇನೆ. ಕಾಲುವೆಯ ದಂಡೆಯ ಬಯಲು, ಮುಂದೆ ಕೂತವರೆಲ್ಲ ಆಂಧ್ರದಿಂದ ಬಂದು ನೆಲೆಸಿ ಭತ್ತ ಬೆಳೆಯುವವರು. ಮಾಸ್ತರ ಕಣ್ಣು ಮುಚ್ಚಿ, ತಾಯಿಯನ್ನು ಕಳೆದುಕೊಂಡ ಮಗನ ಹಾಡೊಂದನ್ನು ಹಾಡುತ್ತಿದ್ದ. ನಾನು ನುಡಿಸುವ ಸರದಿ ಇನ್ನೂ ಬಂದಿರಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತ ನಿಶ್ಶಬ್ದದಲ್ಲಿ ನನ್ನ ಡಬ್ಬಿಯೊಳಗಿಂದ ರೇಡಿಯೊದ ಗಂಡಸು ಸ್ಪಷ್ಟವಾಗಿ, ದೊಡ್ಡ ಸ್ಪೀಕರುಗಳ ತುಂಬ, ಎಲೆ ಮಡಿಚುವ ಹುಳು ಭತ್ತಕ್ಕೆ ಬಿದ್ದರೆ ಏನೇನಾಗುತ್ತದೆ ಎಂದು ತಿಳಿಸಿದ. ಹಿಂದಿನಿಂದ ಯಾರೋ ತೆಲುಗಿನಲ್ಲಿ ಕೂಗಿದರು: “ಏ ಮಂದು ಕೊಟ್ಟಾಲಿ?” ಯಾವ ಔಷಧಿ ಹೊಡೆಯಬೇಕು ಎಂದು ಕೇಳಿದ್ದು ಅವರು. ಬಯಲಿಗೆ ಬಯಲೇ ನಕ್ಕಿತು. ಮಾಸ್ತರ ಕಣ್ಣು ತೆರೆದು ನನ್ನನ್ನು ನೋಡಿದ.

ಬೈಯಲಿಲ್ಲ. ಅದರಿಂದಲೇ ನನಗೆ ತಿಳಿಯಬೇಕಿತ್ತು. ಮರುವಾರ ಗಂಗಾವತಿಯ ತಾಲೀಮಿನ ಕೋಣೆಗೆ ಕರೆಸಿ, ಬಹಳ ನಯವಾಗಿ, “ನಿನ್ನ ಡಬ್ಬಿ ಸದ್ದು ಭಾಳ ಛಲೋ ಐತಿ ತಂಗಿ. ಒಂದೊಂದ ಸ್ವರ ಬಾರಿಸು, ನೆನಪಿಗೆ ತುಂಬಿ ಇಟ್ಕೋತೀವಿ” ಎಂದ. ಕೀಬೋರ್ಡು ನುಡಿಸುತ್ತಿದ್ದವನು ಅವನ ಹೆಂಡತಿಯ ತಮ್ಮ. ಹೊಸ ಕೀಬೋರ್ಡು ತಂದಿದ್ದರು, ಹೊರಗಿನ ಸದ್ದನ್ನು ಅದರೊಳಗೆ ತುಂಬಿ ಕಪ್ಪು ಬಿಳಿ ಮನೆಗಳನ್ನು ಒತ್ತಿ ಬಾರಿಸಬಹುದಿತ್ತು. ನಾನು ಮಧ್ಯಾಹ್ನವಿಡೀ ಕೂತು, ಬ್ಯಾಟರಿಯನ್ನು ಹದಕ್ಕೆ ತಂದು, ನನ್ನ ಕೈಯಲ್ಲಿದ್ದುದನ್ನೆಲ್ಲ ಧಾರೆ ಎರೆದೆ. ಗೌರವ ಅಂದುಕೊಂಡಿದ್ದೆ. ಸ್ವಿಚ್ಚು ಸಡಿಲಾಗಿದೆ, ಬಿಗಿ ಮಾಡಿಸಿ ತರುತ್ತೇನೆ ಎಂದು ಮಾಸ್ತರ ಡಬ್ಬಿಯನ್ನು ತನ್ನ ಬಳಿಯೇ ಇಟ್ಟುಕೊಂಡ.

ಮುಂದಿನ ಕಾರ್ಯಕ್ರಮದಲ್ಲಿ ನನ್ನ ಜಾಗದಲ್ಲಿ ಇನ್ನೊಬ್ಬ ಹುಡುಗಿ ಗಿಟಾರು ಹಿಡಿದು ನಿಂತಿದ್ದಳು. ಅವಳ ವಯರಿನ ತುದಿ ಜಮಖಾನದ ಕೆಳಗಿತ್ತು. ನನ್ನ ಹಾಡು ಬಂದಾಗ ನನ್ನ ಸದ್ದು ಕೀಬೋರ್ಡಿನಿಂದ ಬಂತು. ಅದೇ ಬಿಕ್ಕು, ಅದೇ ಜಾಗದಲ್ಲಿ, ಪ್ರತಿ ಸಲವೂ ಒಂದೇ ತರ. ಕಾರ್ಯಕ್ರಮ ಮುಗಿದ ಮೇಲೆ ಮಾಸ್ತರನನ್ನು ಕೇಳಿದೆ.

“ನನ್ನ ಡಬ್ಬಿ ಎಲ್ಲೈತ್ರಿ?”

“ಕಾಲುವಿಗೆ ಒಗದೆ” ಎಂದ, ಬೂಟಿನ ಧೂಳು ಒರೆಸುತ್ತ. “ಅದ್ರಾಗ ರೇಡಿಯೋ ಬರ್ತಿತ್ತಲ್ಲ, ಅಲ್ಲೇ ಭತ್ತಕ್ಕ ಹುಳದ ಕತಿ ಹೇಳ್ಲಿ ಅಂತ. ನಮ್ಮ ಹತ್ರ ಈಗ ಸದ್ದು ಐತಿ. ಡಬ್ಬಿ ಯಾಕ ಬೇಕು? ನೀನೂ ಯಾಕ ಬೇಕು?”

ಅಪ್ಪ ಪಕ್ಕದಲ್ಲೇ ವಯರು ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. ಮಾಸ್ತರನ ಕೆಲಸವೇ ನಮ್ಮ ಮನೆಯ ಮುಕ್ಕಾಲು ಕೆಲಸ. ಟೆಂಪೊದಲ್ಲಿ ಕೊಪ್ಪಳಕ್ಕೆ ಮರಳುವಾಗ, “ಇನ್ನೊಂದು ಮಾಡಿಕೊಡ್ತೀನಿ ಯವ್ವಾ” ಎಂದ. ಮಾಡಿಯೂ ಕೊಟ್ಟ. ಅದು ಒಳ್ಳೆಯ ಡಬ್ಬಿ. ಆ ಡಬ್ಬಿಯಲ್ಲ. ಹಳೇ ಟ್ರಾನ್ಸಿಸ್ಟರಿಗಾಗಿ ಗಂಗಾವತಿ, ಹೊಸಪೇಟೆಯ ಗುಜರಿಗಳನ್ನೆಲ್ಲ ತಿರುಗಿದೆ. ಒಂದು ಸಲ ಶ್ರೀರಾಮನಗರದ ಸೇತುವೆಯ ಮೇಲೆ ನಿಂತು ಕೆಳಗೆ ಓಡುವ ಕೆಂಪು ನೀರನ್ನು ನೋಡಿದೆ. ಅಳು ಬರಲಿಲ್ಲ. ಅವನಿಗೆ ಏನು ಮಾಡಬೇಕು ಎಂಬುದೊಂದೇ ತಲೆಯಲ್ಲಿತ್ತು.

ಅಷ್ಟರಲ್ಲಿ ಅಪ್ಪನಿಗೆ ಕಿವಿ ಮಂದವಾಗತೊಡಗಿತ್ತು. ಮಿಕ್ಸರಿಗೆ ನಾನು ಕೂರುತ್ತೇನೆ ಎಂದೆ. “ಅವನ ಕಾರ್ಯಕ್ರಮಕ್ಕೂ ಬರ್ತೀಯೇನು?” ಎಂದು ಅಪ್ಪ ಅನುಮಾನದಿಂದ ಕೇಳಿದ. “ಧಂದೆ ಐತಲ್ಲ, ಬರ್ತೀನಿ” ಎಂದೆ. ಮಾಸ್ತರ ನನ್ನನ್ನು ಮಿಕ್ಸರಿನ ಹಿಂದೆ ನೋಡಿ ಖುಷಿಪಟ್ಟ. ತಂಗಿ, ಎಕೋ ಹಾಕು. ತಂಗಿ, ನನ್ನ ದನಿ ಏರಿಸು. ನಾನು ಹ್ಞೂಂರಿ ಅನ್ನುತ್ತಿದ್ದೆ.

ವೇದಿಕೆಯ ಗದ್ದಲದಲ್ಲಿ ಗೊತ್ತಾಗದ ಅವನ ಗುಟ್ಟು ಮಿಕ್ಸರಿಗೆ ಕೂತ ಮೇಲೆ ತಿಳಿಯಿತು. ಗುಟಕಾ, ಸಿಗರೇಟಿನಿಂದ ಅವನ ಗಂಟಲು ಹಾಳಾಗಿತ್ತು. ಎತ್ತರದ ಹಾಡುಗಳಲ್ಲಿ ಅವನ ದನಿಯನ್ನು ಯಾವಾಗಲೋ ಹಾಡಿಟ್ಟ ಸಿ.ಡಿ.ಯಿಂದ ಬಿಡುತ್ತಿದ್ದರು, ಅವನು ಬಾಯಿ ಆಡಿಸುತ್ತಿದ್ದ. ಸಿ.ಡಿ.ಯ ಗುಂಡಿ ಏರಿಸಬೇಕು, ಅವನ ಮೈಕಿನ ಗುಂಡಿ ಇಳಿಸಿಡಬೇಕು, ಹಾಡು ಮುಗಿದು ಮಾತಾಡುವಾಗ ಮತ್ತೆ ಏರಿಸಬೇಕು. ಅಪ್ಪ ಅದನ್ನು ವರ್ಷಗಟ್ಟಲೆ ಮಾಡಿದ್ದ, ನನಗೂ ಹೇಳಿರಲಿಲ್ಲ. ಡಬ್ಬಿಯನ್ನು ಕಾಲುವೆಗೆ ಒಗೆದೆ ಅಂದವನ ಕುತ್ತಿಗೆ ನನ್ನ ಎರಡು ಬೆರಳಿನ ನಡುವೆ ಇತ್ತು.

ನಾನು ಅವಸರ ಮಾಡಲಿಲ್ಲ. ಸಣ್ಣ ಹಳ್ಳಿಯ ಕಾರ್ಯಕ್ರಮಗಳನ್ನೆಲ್ಲ ನೀಟಾಗಿ ನಡೆಸಿಕೊಟ್ಟೆ. ಕುಷ್ಟಗಿಯಲ್ಲಿ ದೊಡ್ಡದೊಂದು ಕಾರ್ಯಕ್ರಮ ಗೊತ್ತಾಯಿತು. ಸುತ್ತಲಿನ ಊರುಗಳ ಕಮಿಟಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು, ಮಾಸ್ತರನನ್ನು ತಮ್ಮೂರಿಗೆ ಕರೆಸುವವರು, ಬಿಡುವವರು ಅವರೇ. ಅಪ್ಪ ಹಿಂದೆ ಜನರೇಟರಿನ ಬಳಿ ಇದ್ದ. ಮಾಸ್ತರ ತನ್ನ ಅತಿ ಎತ್ತರದ ಹಾಡು ಎತ್ತಿಕೊಂಡ, ಅಂದರೆ ಬಾಯಿ ತೆರೆದ. ಆ ಹಾಡಿನ ನಡುವೆಯೇ ನನ್ನ ಡಬ್ಬಿಯ ಸದ್ದು ಬರುತ್ತಿತ್ತು. ಬಂತು. ನನ್ನ ಬೆರಳು, ನನ್ನ ಬ್ಯಾಟರಿ, ನನ್ನಪ್ಪ ಕೊರೆದ ಡಬ್ಬಿ. ಅದು ಮುಗಿದು ಮಾಸ್ತರ ಎರಡೂ ಕೈ ಚಾಚಿ ತಲೆ ಮೇಲೆತ್ತಿದಾಗ ನಾನು ಸಿ.ಡಿ.ಯ ಗುಂಡಿಯನ್ನು ಕೆಳಗೆಳೆದು, ಅವನ ಮೈಕನ್ನು ಪೂರ್ತಿ ಮೇಲಕ್ಕೆ ತಳ್ಳಿದೆ.

ಬಾಯಿ ಅಲ್ಲಾಡಿತು, ಹಾಡು ಇರಲಿಲ್ಲ. ಅದರ ಬದಲು ಅವನ ಉಸಿರಾಟ ಕುಷ್ಟಗಿಯ ಮಂದಿಗೆಲ್ಲ ಕೇಳಿಸಿತು. ಡೊಳ್ಳುಹೊಟ್ಟೆಯವನ ಸುಸ್ತಾದ ಉಸಿರು. ಕಂಗಾಲಾಗಿ ಅವನು ನಿಜವಾಗಿಯೇ ಹಾಡಲು ಹೋದ. ದನಿ ಒಡೆದು, ಕೆಮ್ಮಾಗಿ, ನಿಂತಿತು. ಯಾರೋ ಮೊದಲು ನಕ್ಕರು, ಆಮೇಲೆ ಶಿಳ್ಳೆ, ಆಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಹೊರಟರು. ಮಾಸ್ತರ ದೀಪಗಳ ಆಚೆ ನನ್ನನ್ನು ಹುಡುಕಿದ. ಕೈಯಿಂದ ಇಳಿಸು, ಇಳಿಸು ಎಂದು ಸನ್ನೆ ಮಾಡಿದ. ನಾನು ಅವನ ಕಣ್ಣನ್ನೇ ನೋಡುತ್ತ ಸ್ವಲ್ಪ ಎಕೋ ಹಾಕಿದೆ.

ಅಪ್ಪ ಓಡಿ ಬಂದ. ಅವನಿಗೆ ಏನೂ ಕೇಳಿಸಿರಲಿಲ್ಲ, ಮಂದಿಯ ಮುಖ ನೋಡಿ ತಿಳಿದುಕೊಂಡಿದ್ದ. ಗುಂಡಿಗಳನ್ನು ನೋಡಿದ, ನನ್ನ ಕೈ ನೋಡಿದ. ಟೆಂಪೊ ಏರಿದ ಮೇಲೆ ಹೇಳಿದ:

“ಮೈಕಿನವರ ಕೈಯಾಗ ಮಂದಿ ಮರ್ಯಾದಿ ಇರತೈತಿ ಯವ್ವಾ. ನಂಬಿ ಕೊಟ್ಟಿರ್ತಾರ.”

“ನಾ ನಂಬಿ ಕೊಟ್ಟಿದ್ದು ಕಾಲುವ್ಯಾಗ ಐತಿ” ಎಂದೆ.

ಮರುದಿನ ಅಪ್ಪ ಒಬ್ಬನೇ ಗಂಗಾವತಿಗೆ ಹೋಗಿ ಕೈ ಮುಗಿದು ಬಂದ. ಮಗಳು ಬಂದು ಕಾಲು ಮುಟ್ಟಿದರೆ ಮಾತ್ರ ಮತ್ತೆ ಕೆಲಸ ಕೊಡುತ್ತೇನೆ ಎಂದನಂತೆ ಮಾಸ್ತರ. “ನನ್ನ ಡಬ್ಬಿ ಹುಡುಕಿ ತಂದು ಕೊಡ್ಲಿ, ಆಮ್ಯಾಲೆ ಮುಟ್ತೀನಿ” ಎಂದು ಹೇಳಿ ಕಳಿಸಿದೆ. ಅವನ ಕೆಲಸ ನಮ್ಮ ಕೈ ತಪ್ಪಿತು. ಆದರೆ ಅವನ ಕೈಯಲ್ಲೂ ಹೆಚ್ಚು ಕೆಲಸ ಉಳಿಯಲಿಲ್ಲ. ಯಲಬುರ್ಗಾದವರು ಬಿಟ್ಟರು, ಕುಷ್ಟಗಿಯವರು ಬಿಟ್ಟರು, ಹಿಟ್ನಾಳದ ಒಂದು ಮದುವೆಯಲ್ಲಿ ಮಕ್ಕಳು ಅವನ ಮುಂದೆ ಸದ್ದಿಲ್ಲದೆ ಬಾಯಿ ಆಡಿಸಿ ತೋರಿಸಿದರೆಂದು ಕೇಳಿ ಅಂದು ನಾನು ಹೊಟ್ಟೆ ತುಂಬ ಉಂಡೆ. ಎರಡು ವರ್ಷದಲ್ಲಿ ಆರ್ಕೆಸ್ಟ್ರಾ ಮುಚ್ಚಿತು.

ಬಹಳ ವರ್ಷಗಳ ಮೇಲೆ ಆ ಕೀಬೋರ್ಡಿನವನು ನಮ್ಮ ಅಂಗಡಿಗೆ ಬಂದ. ಕೂದಲು ನೆರೆತಿತ್ತು. ಜೇಬಿನಿಂದ ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟ.

“ಕೀಬೋರ್ಡ್ ಮಾರಿದ್ವಿ ಅಕ್ಕಾರ. ನಿಮ್ಮ ಡಬ್ಬಿ ಸದ್ದು ಇದ್ರಾಗ ಐತಿ. ಬ್ಯಾರೆ ಎಲ್ಲೂ ಉಳದಿಲ್ಲ. ನಿಮಗ ಕೊಡೂದು ಧರ್ಮ ಅನಿಸ್ತು.”

ಅವನು ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ. ನಾನು ಅದನ್ನು ಕೈಗೆ ತೆಗೆದುಕೊಂಡೆ. ಅಪ್ಪ ಕೊರೆದ ಡಬ್ಬಿಯ ಬಿಕ್ಕು ಅದರೊಳಗಿತ್ತು, ಮಾಸ್ತರನ ನಯವಾದ ಮಾತು ನಂಬಿ ಕೂತ ಆ ಮಧ್ಯಾಹ್ನವೂ ಇತ್ತು. ರಿಪೇರಿಗೆ ಬಂದ ದೊಡ್ಡ ಸ್ಪೀಕರೊಂದು ಬೋರಲಾಗಿ ಬಿದ್ದಿತ್ತು. ಅದರ ಬೆನ್ನಿನ ಅಯಸ್ಕಾಂತದ ಮೇಲೆ ಫ್ಲಾಪಿಯನ್ನು ಇಟ್ಟು, ಒಳಗಿನದೆಲ್ಲ ಅಳಿಸಿಹೋಗುವಂತೆ ಆ ಕಡೆ ಈ ಕಡೆ ಎಳೆದೆ. ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಅಪ್ಪ ಮೂಲೆಯಿಂದ ನೋಡುತ್ತಿದ್ದ. “ಅದು ನಿಂದs ಸದ್ದಲ್ಲೇನು?” ಎಂದು ಕೇಳಿದ.

“ಅದನ್ನ ಕದ್ದಾಂವ ಮಾಸ್ತರ. ಅವನ ಕೈಯಿಂದ ಬಂದಿದ್ದು ನನಗ ಬ್ಯಾಡ.”

“ಈಗಾರ ಸಮಾಧಾನ ಆತೇನವಾ?”

ಕಿವಿಯ ಹತ್ತಿರ ಬಗ್ಗಿ, ಅವನಿಗೆ ಕೇಳಿಸುವಂತೆ, “ಇಲ್ಲ” ಎಂದೆ.

ಮಾಸ್ತರ ಈಗ ಗಂಗಾವತಿಯಲ್ಲಿ ಮಗನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಬಿಡಿಭಾಗ ತರಲು ಅಲ್ಲಿಗೆ ಹೋದಾಗಲೆಲ್ಲ, ಬಸ್‌ಸ್ಟ್ಯಾಂಡಿನಿಂದ ಹತ್ತಿರದ ದಾರಿ ಬೇರೆ ಇದ್ದರೂ, ಆ ಅಂಗಡಿಯ ಮುಂದೆಯೇ ಹೋಗುತ್ತೇನೆ. ನನ್ನನ್ನು ಕಂಡ ಕೂಡಲೇ ಅವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾನೆ. ನಾನು ನಡಿಗೆ ನಿಧಾನ ಮಾಡುತ್ತೇನೆ.