ಮುನ್ಷಿಯವರ ಅಮಾನತ್ತು

ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ಯಾರಾದರೂ ಕರೆದರೆ ಕೋಳಿಯ ಹಾಗೆ ಇಡೀ ತಲೆಯನ್ನೇ ಓರೆ ಮಾಡಿ ಎಡಗಣ್ಣಿನಿಂದ ನೋಡುತ್ತಿದ್ದರು. ಮಳವಳ್ಳಿಯ ಉರ್ದು ಶಾಲೆಯ ಮುನ್ಷಿ. ಮನೆ ನಮ್ಮ ಹಿತ್ತಿಲ ಗೋಡೆಯಾಚೆ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಂಜೆಯಾದರೆ ನಮ್ಮ ಜಗಲಿಯೇ ಅವರ ಕಚೇರಿ.

ಮಾತುಗಳ ವಂಶಾವಳಿ ಹೇಳುವುದು ಅವರಿಗೆ ಎಲೆಅಡಿಕೆಗಿಂತ ದೊಡ್ಡ ಚಟ. ನಾನಾಗ ಲಂಗದ ಹುಡುಗಿ. ಜಗಲಿಯ ಧೂಳಿನಲ್ಲಿ ಮೂರು ಅರಬ್ಬಿ ಅಕ್ಷರ ಗೀಚಿ, "ಇದು ಬೇರು ಕಣವ್ವ" ಎನ್ನುವರು. ಅಮಾನ್ ಅಂದರೆ ಭಯವಿಲ್ಲದ ನೆಮ್ಮದಿ. ಇಮಾನ್ ಅಂದರೆ ನಂಬಿಕೆ. ನಂಬಿ ಇಟ್ಟುಹೋದ ವಸ್ತು ಅಮಾನತ್ತು; ಅದನ್ನು ಕಾಯುವ ನಂಬಿಕಸ್ತ ಅಮೀನ. ಎಲ್ಲವೂ ಒಂದೇ ಬೇರಿನವು.

ಅಜ್ಜಿ ಮೊರದ ಸಮೇತ ಹೊರಗೆ ಬಂದಳು. "ಏನಂದೆ? ಅಮೀನ ನಂಬಿಕಸ್ತನಾ? ಕೋರ್ಟಿಂದ ಬಂದು ಜಪ್ತಿ ಅಂತ ನೀರಂಡೆ ಒತ್ಕೊಂಡೋಯ್ತಾನಲ್ಲ, ಅವ್ನಾ?"

ಮುನ್ಷಿಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಸ್ರು ಮಡಗ್ದೋರು ಒಳ್ಳೇದೇ ಮಡಗವ್ರೆ ಗೌಡ್ತವ್ವ. ಇಟ್ಕೊಂಡೋರು ಕೆಡಿಸವ್ರೆ."

ಆ ಚಳಿಗಾಲ ಊರಲ್ಲಿ ಇಲಿ ಬಿದ್ದವು. ಇಲಿ ಬಿದ್ದರೆ ಪ್ಲೇಗು. ತಮಟೆ ಬಡಿದು ಸಾರಿದ ಕೂಡಲೇ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ನಮ್ಮ ಹಸುವಿಗೆ ದಿನ ತುಂಬಿ, ನೋವು ಶುರುವಾಗಿ, ಎದ್ದು ನಿಲ್ಲಲಾರದೆ ಮಲಗಿತ್ತು. "ಬುಟ್ಬುಡವ್ವ, ಮಕ್ಳು ಬದುಕ್ಲಿ" ಎಂದ ಅಪ್ಪ. ಅಜ್ಜಿ ಅದರ ಕೊರಳು ತಬ್ಬಿ ಕೂತುಬಿಟ್ಟಳು.

ಗೋಡೆಯ ಮೇಲೆ ಓರೆ ತಲೆ ಕಾಣಿಸಿತು. "ಓಗ್ರವ್ವ. ಅದು ಈಯೋಗಂಟ ನಾನಿರ್ತೀನಿ. ಅಮಾನತ್ತು ಅಂತ ಬುಟ್ಟೋಗಿ."

"ಈದೇಟ್ಗೆ ನೀನೂ ಬಂದ್ಬುಡ್ಬೇಕು ಕಣಪ್ಪ."

"ಬತ್ತೀನಿ."

ಬಂದರು, ಕೆಲವು ದಿನ ಕಳೆದು, ಒಂದು ಬೆಳಿಗ್ಗೆ. ನಮ್ಮ ಗುಡಿಸಲಿನಿಂದ ದೂರದ ಹೊಂಗೆಮರಕ್ಕೆ ಹಸು ಕಟ್ಟಿ, ಕರುವನ್ನು ಕೆಚ್ಚಲಿಗೆ ಬಿಟ್ಟು, ಹಿಂದೆ ಸರಿದು ನಿಂತರು. ಅಜ್ಜಿ ಸಂಭ್ರಮದಿಂದ ಓಡಿದಳು. "ಬಾಪ್ಪ, ಮೊದ್ಲು ಒಂದು ಮುದ್ದೆ ಉಣ್ಣು ಬಾ!"

"ಅತ್ರ ಬರಬ್ಯಾಡಿ!"

ಅವರು ಕೂಗಾಡಿದ್ದನ್ನು ನಾನೆಂದೂ ಕೇಳಿರಲಿಲ್ಲ. ಎಡಗೈಯನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದರು. ಕಂಕುಳಲ್ಲಿ ಪ್ಲೇಗಿನ ಗೆಡ್ಡೆ ಎದ್ದಿದೆಯೆಂದು ಯಾರೂ ಹೇಳಬೇಕಾಗಲಿಲ್ಲ. "ನಿಮ್ಮ ಅಮಾನತ್ತು ಒಂದೋಗಿ ಎರಡಾಯ್ತು ಗೌಡ್ತವ್ವ, ನೋಡ್ಕಳಿ" ಎಂದು ನಗಲು ನೋಡಿದರು. ಆಮೇಲೆ ಖಾಲಿ ಊರಿನ ಕಡೆ ತಿರುಗಿ ನಡೆದರು. ಹಿಂದೆ ಹೊರಟ ಅಪ್ಪ ನಮ್ಮ ಮುಖ ನೋಡಿ ನಿಂತ.

ಆ ವಾರವೇ ಹೋಗಿಬಿಟ್ಟರು. ಆ ಹಸುವಿನ ಹಾಲು ಕುಡಿದು ಬೆಳೆದವಳು ನಾನು. ಅವರಿಗೆ ಒಂದು ಹಿಡಿ ಮಣ್ಣು ಹಾಕಲು ನಮ್ಮವರು ಒಬ್ಬರೂ ಇರಲಿಲ್ಲ.

ಮರುವರ್ಷ ಪಕ್ಕದ ಬೀದಿಯಲ್ಲಿ ಜಪ್ತಿ. "ಅಮೀನ ಬಂದ, ಅಮೀನ ಬಂದ" ಎಂದು ಹುಡುಗರು ಕೂಗುತ್ತಾ ಬಂದರು. ರಾಗಿ ಬೀಸುತ್ತಿದ್ದ ಅಜ್ಜಿ ಕಲ್ಲು ನಿಲ್ಲಿಸಿ ಹಿತ್ತಿಲ ಗೋಡೆಯ ಕಡೆ ನೋಡಿದಳು.

"ಅಮೀನ ಓದ್ ವರ್ಸಾನೇ ಸತ್ತೋದ ಕಣ್ರಲಾ" ಎಂದಳು. "ಇವ್ನು ಯಾವನೋ."